ಕಮರಿಯಲ್ಲಿ ನೆಟ್ಟ ಬಾಂದಕಲ್ಲು

ಭಾನುವಾರದ ರೊಟ್ಟಿ

ಆಸ್ಟ್ರಿಯಾದಲ್ಲಿ ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿಯಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಕೊಪ್ಪಳದಿಂದ ಜೋಳದ ಹಿಟ್ಟು ಕಟ್ಟಿಕೊಂಡು ಹೋದವಳು ನಾನು. ಹೋದ ಮೂರನೆಯ ದಿನವೇ ಭಾನುವಾರ ಬಂತು. ಸವಿತಾ ಪಾಳಿ ಮುಗಿಸಿ ಬರುವಷ್ಟರಲ್ಲಿ ಬಿಸಿ ರೊಟ್ಟಿ ಇರಲಿ ಎಂದು ಅಡುಗೆಕಟ್ಟೆಯ ಮೇಲೆ ಹಿಟ್ಟು ಉದುರಿಸಿ ಪಟಪಟ ಬಡಿಯತೊಡಗಿದೆ. ನಾಲ್ಕನೆಯ ರೊಟ್ಟಿಗೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಬಾಗಿಲಷ್ಟೇ ಎತ್ತರದ ಒಬ್ಬ ಮುದುಕ, ಎರಡೂ ಕೈಯಲ್ಲಿ ಊರುಗೋಲು. ಏನೋ ಕೇಳಿದರು. ನನಗೆ ತಿಳಿಯಲಿಲ್ಲ. ಹಿಟ್ಟು ಹತ್ತಿದ ಕೈಯಲ್ಲೇ ಒಳಗೆ ಕರೆದೆ.

ಸವಿತಾ ನನ್ನ ತಮ್ಮನ ಮಗಳು. ಶಾಲೆ ಓದಿದ್ದೆಲ್ಲ ನಮ್ಮ ಮನೆಯಲ್ಲಿದ್ದುಕೊಂಡೇ. ನರ್ಸ್ ಕೆಲಸ ಕಲಿತು, ಈಗ ಈ ಬೆಟ್ಟದ ಊರಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿದ್ದಾಳೆ. ಅವಳು ಬಂದವಳೇ ನಕ್ಕು ನಕ್ಕು ಸುಸ್ತಾದಳು.

"ಅತ್ತಿ, ಇಲ್ಲಿ ಐತವಾರ ಅಂದ್ರ ಸಪ್ಪಳ ಮಾಡಂಗಿಲ್ಲ. ಹುಲ್ಲು ಕತ್ತರಸೋ ಮಷಿನ್ ಸೈತ ಹಚ್ಚಂಗಿಲ್ಲ. ನೀ ಗ್ವಾಡಿಗೆ ಮೊಳಿ ಬಡ್ಯಾಕ್ಹತ್ತಿ ಅಂತ ತಿಳಕೊಂಡು ಬಂದಾರ ಇವರು. ಈ ಮನಿ ಮಾಲಕರು, ಯೋಸೆಫ್. ಕೆಳಗ ಇರ್ತಾರ."

ಯೋಸೆಫ್ ಅಷ್ಟರಲ್ಲಿ ನಾಲ್ಕನೆಯ ರೊಟ್ಟಿಯನ್ನು ಗುರೆಳ್ಳು ಚಟ್ನಿಯೊಂದಿಗೆ ತಿಂದು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಒರೆಸಿಕೊಂಡು ಇನ್ನೊಂದಕ್ಕೆ ಕೈ ನೀಡಿದರು. ಬೈಯಲು ಬಂದವರು ಉಂಡು ಹೋದರು.

ಇಷ್ಟೆಲ್ಲ ನಡೆಯುವಾಗ ನಮ್ಮವರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕುಳಿತೇ ಇದ್ದರು. ಹೊರಗೆ ಹಿಮ ಹೊತ್ತ ಬೆಟ್ಟ. ಅದನ್ನು ನೋಡುತ್ತಿದ್ದಾರೋ ಗಾಜನ್ನು ನೋಡುತ್ತಿದ್ದಾರೋ ನನಗೆ ಗೊತ್ತಾಗಲಿಲ್ಲ.

ಅವರದು ಸರ್ವೇಯರ್ ಕೆಲಸ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಂದು ಮೂವತ್ತಾರು ವರ್ಷ ಸರಪಳಿ ಎಳೆದು ಹೊಲ ಅಳೆದರು. ಹೊಲದ ಮೂಲೆಗೆ ಬಾಂದಕಲ್ಲು ನೆಟ್ಟು ಇದು ನಿಂದು, ಅದು ಅವಂದು ಎಂದು ಹೇಳಿ ಬಂದರೆ ಅಣ್ಣತಮ್ಮಂದಿರ ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಕೊನೆಯ ವರ್ಷ ಉಪಗ್ರಹ ನೋಡಿ ಅಳೆಯುವ ಯಂತ್ರ ಬಂತು. ಇವರು ಒಂದು ದಿನ ಮಾಡುವುದನ್ನು ಅದು ಚಹಾ ಕುಡಿಯುವಷ್ಟರಲ್ಲಿ ಮಾಡಿತು. ನಿವೃತ್ತಿಯ ದಿನ ಜೊತೆಯವರು ಪ್ರೀತಿಯಿಂದಲೇ ಇವರ ಹಳೆಯ ಸರಪಳಿಯನ್ನು ಗೋಡೆಗೆ ತೂಗುಹಾಕಿ ಅದಕ್ಕೊಂದು ಹೂವಿನ ಹಾರ ಹಾಕಿದರಂತೆ. ಮನೆಗೆ ಬಂದು ಶಾಲು ಮಡಚಿಡುತ್ತ, "ಉಸುರು ಇದ್ದಾಗನ ಹಾರ ಹಾಕಿದ್ರು ನೋಡು" ಎಂದರು. ಅಷ್ಟೇ. ಅಂದಿನಿಂದ ಪಡಸಾಲೆಯ ಕುರ್ಚಿ ಹಿಡಿದರು. ಊರಿಂದ ಯಾರಾದರೂ ಹೊಲದ ತಕರಾರು ಹಿಡಿದು ಬಂದರೆ, "ಮಷಿನ್ ಐತಲ್ಲ, ಅದನ್ನ ಕರಕೊಂಡು ಹೋಗ್ರಿ" ಎನ್ನುತ್ತಿದ್ದರು. ಎರಡು ವರ್ಷ ಹೀಗೇ. ಬೇರೆ ದೇಶದ ಗಾಳಿ ತಾಗಿದರಾದರೂ ಈ ಮನುಷ್ಯ ಎದ್ದಾರು ಎಂದು ಸವಿತಾ ಕರೆಸಿಕೊಂಡಿದ್ದಳು. ಅವರು ಬಂದು ಇಲ್ಲೂ ಒಂದು ಕುರ್ಚಿ ಹುಡುಕಿಕೊಂಡರು.

ಯೋಸೆಫರ ಡಬ್ಬಿ

ಮಾರನೆಯ ದಿನ ಯೋಸೆಫ್ ನಮ್ಮನ್ನು ಕೆಳಗೆ ಕಾಫಿಗೆ ಕರೆದರು. ಅಲ್ಲಿಯವರು ಕಾಫಿಯ ಜೊತೆ ಒಂದು ಲೋಟ ತಣ್ಣೀರು ಕೊಡುತ್ತಾರೆ. ನಮ್ಮಲ್ಲಿ ಮೊದಲು ನೀರು ಕೊಟ್ಟು ಆಮೇಲೆ ಚಹಾ ತರುತ್ತೇವೆ. ಅಲ್ಲಿ ಎರಡೂ ಒಂದೇ ತಟ್ಟೆಯಲ್ಲಿ ಬಂದವು.

ಅವರು ಆ ಕಣಿವೆಯಲ್ಲಿ ಪೋಸ್ಟ್‌ಮನ್ ಆಗಿದ್ದವರು. ಸೊಂಟದ ಕೀಲು ಬದಲಿಸಿ ನಾಲ್ಕು ತಿಂಗಳಾಗಿತ್ತು. ಒಂದು ಚಿಂತೆ ಅವರನ್ನು ತಿನ್ನುತ್ತಿತ್ತು. ಸವಿತಾ ಬಿಡಿಸಿ ಹೇಳಿದಳು.

ಜಗತ್ತಿನ ತುಂಬ ಜನ ಜಿಯೋಕ್ಯಾಶಿಂಗ್ ಎಂಬ ಆಟ ಆಡುತ್ತಾರಂತೆ. ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿಟ್ಟು ಅದರ ಜಾಗದ ಅಂಕಿಗಳನ್ನು ಎಲ್ಲರಿಗೂ ಕಾಣುವಂತೆ ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಬೇರೆಯವರು ಫೋನು ಹಿಡಿದು ಹುಡುಕುತ್ತಾರೆ. ಸಿಕ್ಕರೆ ಒಳಗಿನ ಚಿಕ್ಕ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಂತೆಯೇ ಇಟ್ಟು ಬರುತ್ತಾರೆ.

"ಒಳಗ ಬಂಗಾರ ಇರತೈತೇನು?" ಎಂದೆ.

"ಇಲ್ಲತ್ತಿ. ಪೆನ್ಸಿಲ್ಲು, ಗುಂಡಿ, ಇಂಥಾವು."

ನಮ್ಮವರು ಬಾಯಿ ಬಿಟ್ಟರು. "ಕಳ್ಳರು ಮುಚ್ಚಿಡ್ತಾರ, ಪೊಲೀಸರು ಹುಡುಕ್ತಾರ. ಇವರು ಎರಡೂ ಕೆಲಸ ತಾವ ಮಾಡ್ಕೋತಾರ."

ಯೋಸೆಫ್ ಊರ ಹತ್ತಿರದ ನದಿ ಕಮರಿಯಲ್ಲಿ ವರ್ಷಗಳ ಹಿಂದೆ ಒಂದು ಡಬ್ಬಿ ಇಟ್ಟಿದ್ದರು. ಚಳಿಗಾಲ ಕಳೆದ ಮೇಲೆ ಹುಡುಕಲು ಹೋದವರೆಲ್ಲ ಸಿಗಲಿಲ್ಲ ಎಂದು ಬರೆಯತೊಡಗಿದರು. ಇಟ್ಟವರೇ ಹೋಗಿ ನೋಡಿ ಈ ತಿಂಗಳೊಳಗೆ ಉತ್ತರಿಸದಿದ್ದರೆ ಪಟ್ಟಿಯಿಂದ ತೆಗೆಯುತ್ತೇವೆ ಎಂದು ಆಟ ನಡೆಸುವವರು ತಿಳಿಸಿದ್ದರು. ಊರುಗೋಲು ಹಿಡಿದು ಕಮರಿಗೆ ಇಳಿಯುವಂತಿಲ್ಲ. ನಾವು ಹೋಗಿ ನೋಡಿ ಬರುತ್ತೇವೆ ಎಂದು ಸವಿತಾ ಮಾತು ಕೊಟ್ಟಳು.

ಯೋಸೆಫ್ ತಮ್ಮ ಹಳೆಯ ನೋಟುಪುಸ್ತಕ ತೆರೆದು ತೋರಿಸಿದರು. ಅಕ್ಷರ ನಮಗೆ ಬಾರದು, ಅಂಕಿ ಎಲ್ಲಿಯಾದರೂ ಅಂಕಿಯೇ. ಎರಡು ಅಡ್ಡಗೆರೆ, ಅವು ಸೇತುವೆಗಳು. ನಡುವೆ 120. ಎರಡನೆಯ ಗೆರೆ ದಾಟಿ 40. ಅಲ್ಲೊಂದು ನೀರಿನ ಹನಿಯ ಚಿತ್ರ, ಎಡಕ್ಕೆ ಬಾಣ.

ನಮ್ಮವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಇವು ಮೀಟರ್ ಅಲ್ಲ. ಹೆಜ್ಜಿ."

ಸವಿತಾ ಕೇಳಿ ಹೌದೆಂದಳು. "ಯಾವನ ಹೆಜ್ಜಿ?" ಎಂದು ಕೇಳಿದವರು ಉತ್ತರಕ್ಕೆ ಕಾಯದೆ ಕಾಫಿ ಮುಗಿಸಿದರು. ಎರಡು ವರ್ಷದಲ್ಲಿ ಅವರು ತಾವಾಗಿ ಕೇಳಿದ ಮೊದಲ ಪ್ರಶ್ನೆ ಅದು. ನಾನು ಲೆಕ್ಕ ಇಟ್ಟಿದ್ದೆ.

ಕಮರಿಯ ಬಾಗಿಲು

ಅಲ್ಲಿಯವರು ಇಂಥ ಕಮರಿಗೆ ಕ್ಲಮ್ ಎನ್ನುತ್ತಾರೆ. ಎರಡು ಬಂಡೆಗಳ ನಡುವೆ ನದಿ ಸಿಕ್ಕಿಹಾಕಿಕೊಂಡು ದಾರಿ ಕೊರೆದುಕೊಂಡು ಓಡುತ್ತದೆ. ಬಂಡೆಯ ಪಕ್ಕೆಗೆ ಕಬ್ಬಿಣದ ಮೊಳೆ ಹೊಡೆದು ಹಲಗೆ ಹಾಸಿದ್ದಾರೆ. ಅದೇ ದಾರಿ. ಕಾಲ ಕೆಳಗೆ ಹಲಗೆ, ಹಲಗೆಯ ಸಂದಿಯಲ್ಲಿ ನೀರು, ತಲೆಯ ಮೇಲೆ ಸೀರೆಯ ಅಂಚಿನಷ್ಟು ಆಕಾಶ. ನೀರಿನ ಬಣ್ಣ ಏನೆನ್ನಲಿ, ಮಜ್ಜಿಗೆಯಲ್ಲಿ ಒಂದು ಚಮಚ ಹಸಿರು ಕದಡಿದಂತೆ. ಹುಲಿಗಿಯಲ್ಲಿ ಹೊಳೆ ನೋಡಿದವಳಿಗೆ ನೀರೆಂದರೆ ಅಗಲ. ಇಲ್ಲಿ ನೀರೆಂದರೆ ಆಳ. ಕಲ್ಲು ಮಾತ್ರ ನಮ್ಮದೇ ಅನಿಸಿತು. ಆನೆಗೊಂದಿಯ ಬಂಡೆಗಳನ್ನು ತಂದು ತೊಳೆದು ನಿಲ್ಲಿಸಿದ್ದರೆ ಹೀಗೇ ಕಾಣುತ್ತಿದ್ದವು.

ಊರೊಳಗೆ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರು ಇಳಿಯುವವರೆಗೂ ಕಿಟಕಿ ನೋಡುತ್ತಾರೆ. ಅದೇ ಜನ ಬೆಟ್ಟದ ದಾರಿಗೆ ಬಂದರೆ ಎದುರಾದವರಿಗೆಲ್ಲ "ಗ್ರ್ಯೂಸ್ ಗಾಟ್" ಎನ್ನುತ್ತಾರೆ. ದೇವರ ಹೆಸರಿನ ನಮಸ್ಕಾರವಂತೆ. ನಾನು ಸೀರೆಯ ಕೆಳಗೆ ಸವಿತಾಳ ಬೂಟು ಹಾಕಿದ್ದೆ. ಎರಡು ಕೋಲು ಊರುತ್ತ ಬಂದ ಒಬ್ಬಾಕೆ ನನ್ನ ಕಾಲು ನೋಡಿ, ಮುಖ ನೋಡಿ, ದೇವರ ಹೆಸರು ಹೇಳಿದಳು. ನಾನು "ಶರಣ್ರಿ" ಎಂದೆ. ಆಕೆಗೂ ಸರಿಯಾಯಿತು, ನನಗೂ ಸರಿಯಾಯಿತು.

ನಮ್ಮವರು ಎಂದಿನಂತೆ ಮುಂದೆ. ಮದುವೆಯಾದಾಗಿನಿಂದ ಅವರ ಬೆನ್ನು ನೋಡುತ್ತಲೇ ನಡೆದಿದ್ದೇನೆ. ಹೊಲದ ಬದುವಿನ ಮೇಲೆ ನಡೆದು ಬೆಳೆದವರು ಜೊತೆಯಲ್ಲಿ ನಡೆಯುವುದನ್ನು ಕಲಿಯುವುದಿಲ್ಲ.

ಎರಡು ಸೇತುವೆಗಳ ನಡುವೆ

ಎರಡನೆಯ ಸೇತುವೆ ದಾಟಿದ ಮೇಲೆ ಸವಿತಾಳ ಫೋನಿಗೆ ಹುಚ್ಚು ಹಿಡಿಯಿತು. ಬಾಣ ಒಮ್ಮೆ ಮುಂದೆ ತೋರಿಸಿತು, ಒಮ್ಮೆ ಹಿಂದೆ.

"ಮಾಮಾ, ಇದು ನಮ್ಮನ್ನ ಹೊಳಿ ನಡುವ ನಿಂದ್ರಸೈತಿ. ಈಗ ನೋಡ್ರಿ, ಆ ದಂಡಿಗೆ ಒಯ್ತು."

ಸುತ್ತ ಬಂಡೆ, ಮೇಲೆ ಒಂದು ಬಿರುಕಿನಷ್ಟು ಬಾನು. ಉಪಗ್ರಹ ಇಣುಕಲು ಜಾಗವೆಲ್ಲಿ? ಸವಿತಾ ಬಂಡೆಯ ಸಂದಿಗೆಲ್ಲ ಕೈ ಹಾಕಿದಳು. ನಾನು ಬೆಂಚಿನಂಥ ಒಂದು ಕಲ್ಲಿನ ಮೇಲೆ ಕುಳಿತೆ. ಅರ್ಧ ಗಂಟೆ ಹೋಯಿತು. ಅವಳ ತೋಳು ತೋಯ್ದು ಮುಖ ಸಣ್ಣದಾಯಿತು. "ಯೋಸೆಫಜ್ಜಗ ಏನಂತ ಹೇಳ್ಲಿ ಅತ್ತಿ?"

ನಾನು ತಿರುಗಿ ನೋಡಿದರೆ ನಮ್ಮವರು ಇಲ್ಲ. ಕೆಳಗೆ ನೀರಿದೆಯಲ್ಲ ಎಂದು ದಡಬಡಿಸಿ ಎದ್ದೆ. ನೋಡುತ್ತೇನೆ, ಅವರು ಹಿಂದಕ್ಕೆ ನಡೆದು ಮೊದಲ ಸೇತುವೆಯ ತುದಿಗೆ ಹೋಗಿ ನಿಂತಿದ್ದಾರೆ. ಅಲ್ಲಿಂದ ಕೈ ಬೀಸದೆ, ತಲೆ ಎತ್ತದೆ, ಒಂದೇ ಹದದಲ್ಲಿ ನಡೆದು ಬರುತ್ತಿದ್ದಾರೆ. ತುಟಿ ಅಲ್ಲಾಡುತ್ತಿದೆ. ಎದುರಿಗೆ ಬಂದವರು ದೇವರ ಹೆಸರು ಹೇಳಿದರೂ ಉತ್ತರವಿಲ್ಲ. ನಾನು ಮಾತಾಡಿಸಲಿಲ್ಲ. ಎಣಿಸುವಾಗ ಮಾತಾಡಿಸಿದರೆ ಅವರು ಮೊದಲಿನಿಂದ ಶುರು ಮಾಡುವವರು, ಹೊಸದಾಗಿ ಮದುವೆಯಾದಾಗ ಯಲಬುರ್ಗಾದ ಒಂದು ಹೊಲದಲ್ಲಿ ಬುತ್ತಿ ಕೊಡಲು ಹೋಗಿ ಬೈಸಿಕೊಂಡಿದ್ದೆ.

ಎರಡನೆಯ ಸೇತುವೆಗೆ ಬಂದು ನಿಂತರು. "ನೂರಾ ಐವತ್ತು."

"ಮಾಮಾ, ಅಜ್ಜ ನೂರಾ ಇಪ್ಪತ್ತು ಬರದಾರ."

"ಅವ ಎತ್ತರ ಮನುಷ್ಯ, ಅವಂದು ಉದ್ದ ಹೆಜ್ಜಿ. ಅವನವು ನಾಕಕ್ಕ ನನ್ನವು ಐದು. ಅವನ ನಲವತ್ತಕ್ಕ ನಂದು ಎಷ್ಟಾತು?"

"ಐವತ್ತು."

"ನಡಿ ಮತ್ತ. ಫೋನ್ ಕಿಸೆದಾಗ ಇಡು, ಪಾಪ ದಣಿದೈತಿ."

ಐವತ್ತು ನಡೆದರು. ಸವಿತಾ ಹುಡುಕುತ್ತಿದ್ದ ಜಾಗಕ್ಕಿಂತ ಬಹಳ ಮುಂದೆ, ದಾರಿ ತಿರುಗುವಲ್ಲಿ ನಿಂತರು. ನಿಂತಲ್ಲೇ ಮೇಲಿನ ಬಂಡೆಯಿಂದ ಒಂದು ಹನಿ ಅವರ ಬೋಳುತಲೆಯ ಮೇಲೆ ಟಪ್ ಎಂದು ಬಿತ್ತು. ಒರೆಸಿಕೊಳ್ಳಲಿಲ್ಲ. ಎಡಕ್ಕೆ ಬಗ್ಗಿ, ಮೊಣಕಾಲ ಎತ್ತರದ ಬಿರುಕಿನಲ್ಲಿ ಚಳಿಗಾಲದ ಕೆಸರು, ಕಡ್ಡಿ, ಕೊಳೆತ ಎಲೆ ಎಳೆದು ಹಾಕಿದರು. ಒಳಗಿಂದ ಹಸಿರು ಬಣ್ಣದ ಡಬ್ಬಿ ಬಂತು.

ಸವಿತಾ ಕೂಗಿದ ಕೂಗಿಗೆ ಎರಡೂ ಬಂಡೆ ಉತ್ತರ ಕೊಟ್ಟವು. ನಮ್ಮವರು ಮಾತ್ರ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು, "ಹೂಂ, ಇಲ್ಲೇ ಐತಿ" ಎಂದರು. ಬಾಂದಕಲ್ಲು ಸಿಕ್ಕಾಗ ಅವರು ಹೇಳುತ್ತಿದ್ದ ಮಾತೇ ಅದು.

ನಾವಿಬ್ಬರೂ ರೊಟ್ಟಿ ಬಿಚ್ಚಿ ಕುಳಿತೆವು. ಅವರು ಬರಲಿಲ್ಲ. "ಉಣ್ರಿ ನೀವು, ಸ್ವಲ್ಪ ಕೆಲಸ ಐತಿ" ಎಂದರು. ಮಾಡಲಿ ಬಿಡು ಎಂದುಕೊಂಡೆ. ಎರಡು ವರ್ಷದ ಮೇಲೆ ಆ ಬಾಯಲ್ಲಿ ಕೆಲಸ ಎಂಬ ಮಾತು ಬಂದಿತ್ತು.

ಬೆಂಚು

ಯೋಸೆಫ್ ಮನೆಯ ಮುಂದಿನ ಬೆಂಚಿನಲ್ಲಿ ಕಾಯುತ್ತಿದ್ದರು. ಡಬ್ಬಿ ಸಿಕ್ಕಿತೆಂದು ಕೇಳಿ ಊರುಗೋಲು ಬಿಟ್ಟು ನಮ್ಮವರ ಕೈ ಹಿಡಿದುಕೊಂಡರು. ಹೆಜ್ಜೆಯ ಲೆಕ್ಕ ಕೇಳಿ ತೊಡೆ ತಟ್ಟಿ ನಕ್ಕರು. ಆಮೇಲೆ ಸವಿತಾ, ಮಾಮನ ಹುರುಪಿಗೆ ಅಡ್ಡ ಬರಲು ಮನಸ್ಸಾಗದೆ ತೆಗೆದು ತಂದಿದ್ದ ಚಿತ್ರವನ್ನು ಫೋನಿನಲ್ಲಿ ತೋರಿಸಿದಳು.

ನಾವು ಉಣ್ಣುವಾಗ ನಮ್ಮವರು ಮಾಡಿದ ಕೆಲಸ ಅದರಲ್ಲಿತ್ತು. ಬಿರುಕಿನ ಮುಂದೆ ಉದ್ದನೆಯ ಕಲ್ಲೊಂದನ್ನು ನೆಟ್ಟಗೆ ನೆಟ್ಟು, ಅಲ್ಲಾಡದಂತೆ ಸುತ್ತ ಚಕ್ಕೆ ಬಡಿದಿದ್ದರು. ಬಿಳಿಯ ಕಲ್ಲಿನಿಂದ ಅದರ ಮೇಲೆ ಬಾಣ ಗೀಚಿದ್ದರು. ಡಬ್ಬಿಯೊಳಗಿನ ಪುಸ್ತಕದ ಒಂದು ಪೂರ್ತಿ ಪುಟದಲ್ಲಿ ನಕಾಶೆ: ಎರಡೂ ಸೇತುವೆ, ಹನಿ ಬೀಳುವ ಜಾಗ, ಎದುರಿನ ಒಂಟಿ ಮರ, ಮೂರೂ ಕಡೆಯಿಂದ ದೂರ. ಕೆಳಗೆ ಕನ್ನಡದಲ್ಲಿ ಸಹಿ, ನಿವೃತ್ತ ಭೂಮಾಪಕ ಎಂದು.

ಯೋಸೆಫರ ನಗು ನಿಂತಿತು. ಏನೋ ಮೆಲ್ಲಗೆ ಹೇಳಿದರು. ಸವಿತಾ ನೆಲ ನೋಡಿದಳು.

"ಏನಂತಾರ?" ಎಂದರು ನಮ್ಮವರು.

"ಏನಿಲ್ಲ ಮಾಮಾ."

"ಹೇಳವ್ವಾ."

"ಮುಚ್ಚಿಡೋದ ಆಟಂತ, ಮಾಮಾ. ಈಗ ದನ ಬಂದ್ರೂ ಡಬ್ಬಿ ಸಿಗತೈತಿ ಅಂತಾರ."

ನಮ್ಮವರು ಚಿತ್ರವನ್ನು ಇನ್ನೊಮ್ಮೆ ನೋಡಿದರು. ಅವರ ಇಡೀ ಕೆಲಸದ ಒಂದೇ ನೀತಿ ಎಂದರೆ, ನಾನು ಸತ್ತ ಮೇಲೂ ಮುಂದಿನವನಿಗೆ ಕಲ್ಲು ಸಿಗಬೇಕು. ಸಿಗಬಾರದೆಂದು ಗುರುತು ಮಾಡುವುದು ಅವರಿಗೆ ಎಲ್ಲಿಂದ ಬರಬೇಕು? ಸವಿತಾ ಅದನ್ನು ಯೋಸೆಫರಿಗೆ ಹೇಳುವ ಮೊದಲೇ ನಮ್ಮವರು ಎದ್ದು ಮೆಟ್ಟಿಲು ಹತ್ತಿದರು. ಮೇಲೆ ಕುರ್ಚಿ ಎಳೆದ ಸಪ್ಪಳ ಕೇಳಿತು. ಎದ್ದು ಹೋಗುವಾಗ ಕಂಡದ್ದು ಸರಪಳಿಗೆ ಹಾರ ಹಾಕಿದ ದಿನದ ಮುಖವೇ. ಆ ಕುರ್ಚಿಯಿಂದ ಇನ್ನೊಮ್ಮೆ ಎಬ್ಬಿಸುವ ಶಕ್ತಿ ನನ್ನಲ್ಲಿ ಇದೆಯೇ ಎಂದು ನಾನು ಅಕ್ಕಿ ತೊಳೆಯುತ್ತ ಯೋಚಿಸಿದೆ. ಅಂದು ಅನ್ನಕ್ಕೆ ಉಪ್ಪು ಎರಡು ಸಲ ಬಿತ್ತು. ಅವರು ಏನೂ ಅನ್ನದೆ ಉಂಡರು. ಅದು ಇನ್ನೂ ಕೆಟ್ಟದು.

ಮತ್ತೆ ಸೇತುವೆಗೆ

ಬೆಳಿಗ್ಗೆ ಎದ್ದರೆ ಕುರ್ಚಿ ಖಾಲಿ. ಅವರು ಬೂಟು ಹಾಕಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಯೋಸೆಫ್. ಒಬ್ಬರು ಕನ್ನಡದಲ್ಲಿ, ಒಬ್ಬರು ಜರ್ಮನ್‌ನಲ್ಲಿ ಮಾತಾಡುತ್ತಿದ್ದರು. ಇಬ್ಬರೂ ತಲೆಯಾಡಿಸುತ್ತಿದ್ದರು. ಯೋಸೆಫ್ ಒಂದು ಹೊಸ ಚಿಕ್ಕ ಪುಸ್ತಕವನ್ನು ಅವರ ಕೈಗೆ ಕೊಟ್ಟರು.

"ಚಹಾ ಕುಡಿದು ನಡಿ ಶಾಂತಾ. ತಪ್ಪು ಮಾಡಿದವನ ಹೋಗಿ ತಿದ್ದಬೇಕು."

ಸವಿತಾ ಕೆಲಸಕ್ಕೆ ಹೋಗಿದ್ದಳು. ನಾವಿಬ್ಬರೇ ಹೋದೆವು. ರಾತ್ರಿ ಮಳೆಯಾಗಿ ಹಲಗೆ ಜಾರುತ್ತಿತ್ತು. "ನೀ ಮುಂದ ನಡಿ" ಎಂದರು. ನಾನು ಬೀಳದಿರಲಿ ಎಂದು ಹಿಂದೆ ಬರುತ್ತಿದ್ದಾರೆ ಎಂದುಕೊಂಡೆ. ಸೇತುವೆಗಳ ನಡುವೆ ನಾನು ಏನೋ ಮಾತಾಡಿದೆ, ಉತ್ತರ ಬರಲಿಲ್ಲ. ಸಿಟ್ಟು ಇಳಿದಿಲ್ಲ ಎಂದುಕೊಂಡು ಸುಮ್ಮನಾದೆ.

ಕಲ್ಲಿನ ಮುಂದೆ ಅವರು ಕುಕ್ಕರಗಾಲಲ್ಲಿ ಕುಳಿತರು.

"ಬಾಂದಕಲ್ಲು ಕಿತ್ತವರಿಗೆ ಮೂವತ್ತಾರು ವರ್ಷ ನೋಟೀಸು ಕೊಟ್ಟೀನಿ. ಇವತ್ತ ನಾನ ಕೀಳಾಕ್ಹತ್ತೀನಿ."

"ನಿಮಗ ನೋಟೀಸು ಯಾರು ಕೊಡ್ತಾರ?"

"ನೀ ಕೊಡು. ದಿನಾ ಬಾಯಿಲೆ ಕೊಡ್ತಿ, ಇವತ್ತ ಕಾಗದದ ಮ್ಯಾಲ ಕೊಡು."

ನಗು ಬಂತು. ಅವರಿಗೂ ಬಂತು. ಕಲ್ಲು ಗಟ್ಟಿಯಾಗಿ ಕೂತಿತ್ತು, ಇಬ್ಬರೂ ಹಿಡಿದು ಅಲ್ಲಾಡಿಸಿ ಕಿತ್ತೆವು. ಬಾಣ ತೊಳೆದರು. ಹಳೆಯ ಪುಸ್ತಕ ಕಿಸೆಗೆ ಹಾಕಿಕೊಂಡು ಹೊಸದನ್ನು ಡಬ್ಬಿಯಲ್ಲಿಟ್ಟರು. ಆಮೇಲೆ ಡಬ್ಬಿ ಬಿರುಕಿಗೆ ಸೇರಿಸಿ, ನಾನು ಹಸಿರು ಪಾಚಿ ಕಿತ್ತು ಮುಚ್ಚಲು ಹೋದರೆ ಕೈ ತಡೆದರು.

"ಹಸಿ ಪಾಚಿ ಹಚ್ಚಬ್ಯಾಡ. ಎರಡು ದಿನಕ್ಕ ಒಣಗಿ ಬಣ್ಣ ತೋರಸತೈತಿ. ಕುಷ್ಟಗಿ ಕಡೆ ಒಬ್ಬ ಬಾಂದಕಲ್ಲು ಮುಚ್ಚಾಕ ಹಸೇ ಹುಲ್ಲು ಹಾಕಿ ಸಿಕ್ಕೊಂಡಿದ್ದ. ಶ್ಯಾಣ್ಯಾ ಇದ್ದವ ಏನ್ ಮಾಡ್ತಾನ ಗೊತ್ತೈತೇನು? ಕಲ್ಲಿನ ಕಡೆ ಕೈ ಹಚ್ಚಂಗಿಲ್ಲ. ನಾಕು ಹೆಜ್ಜಿ ಆಚೆ ಬ್ಯಾರೆ ಕಲ್ಲು ಅಲ್ಲಾಡಿಸಿ ಇಡ್ತಾನ. ಹುಡುಕೋ ಮಂದಿ ಅಲ್ಲೇ ಅಗೀತಾರ."

ಪಕ್ಕದವನ ಹೊಲ ಒತ್ತಲು ಗಡಿಕಲ್ಲು ಮುಚ್ಚಿಟ್ಟವರನ್ನೆಲ್ಲ ಹಿಡಿದ ಮನುಷ್ಯ. ಅವರ ವಿದ್ಯೆಯೆಲ್ಲ ಇವರಿಗೆ ಗೊತ್ತಿತ್ತು, ಉಪಯೋಗಿಸಿರಲಿಲ್ಲ ಅಷ್ಟೇ. ಅಂದು ಉಪಯೋಗಿಸಿದರು. ಒಣ ಎಲೆ, ಎರಡು ಕಡ್ಡಿ, ಒಂದು ಹಿಡಿ ಹಳೆಯ ಕೆಸರು. ಎದ್ದು ನಿಂತು ನೋಡಿದರೆ, ಈಗಷ್ಟೇ ಕೈ ಹಾಕಿದ ನನಗೇ ಜಾಗ ತಪ್ಪಿತು. ನಾಲ್ಕು ಹೆಜ್ಜೆ ಆಚೆ ಒಂದು ಕಲ್ಲು ಮಾತ್ರ ಕಳ್ಳನಂತೆ ಓರೆಯಾಗಿ ಕೂತಿತ್ತು.

ಮನೆಗೆ ಬಂದ ಮೇಲೆ ಯೋಸೆಫ್ ಹಳೆಯ ಪುಸ್ತಕದಿಂದ ನಕಾಶೆಯ ಪುಟವನ್ನು ಬ್ಲೇಡಿನಲ್ಲಿ ಕತ್ತರಿಸಿದರು. ಹರಿದು ಎಸೆಯುತ್ತಾರೆ ಎಂದುಕೊಂಡೆ. ತಮ್ಮ ನೋಟುಪುಸ್ತಕದಲ್ಲಿ, ಎರಡು ಗೆರೆ ಮತ್ತು ಹನಿಯ ಚಿತ್ರದ ಎದುರಿಗೆ ಅಂಟಿಸಿಕೊಂಡರು. ಡಬ್ಬಿ ಪಟ್ಟಿಯಲ್ಲಿ ಉಳಿಯಿತು. ನಾವು ಹೊರಡುವ ಹಿಂದಿನ ದಿನ ಯಾರೋ ಬರೆದಿದ್ದರಂತೆ: ಸಿಕ್ಕಿತು, ಆದರೆ ಓರೆ ಕಲ್ಲಿನ ಸುತ್ತ ಒಂದು ಗಂಟೆ ಹಾಳಾಯಿತು. ಸವಿತಾ ಓದಿ ಹೇಳಿದಾಗ ನಮ್ಮವರು ಮೀಸೆಯಲ್ಲಿ ನಕ್ಕರು.

ಅಳವಂಡಿ ರಸ್ತೆ

ಊರಿಗೆ ಬಂದು ಎರಡು ವಾರವಾಗಿತ್ತು. ಜೋಳದ ಹಿಟ್ಟು ತೀರಿದ ಚೀಲವನ್ನು ಒಗೆದು ಒಣಗಿಸಿ ಮಡಚಿಟ್ಟಿದ್ದೆ. ಬೆಳಿಗ್ಗೆ ಪಡಸಾಲೆ ಗುಡಿಸಲು ಬಂದರೆ ಕುರ್ಚಿಯ ಮೇಲೆ ಅವರಿಲ್ಲ, ಒಂದು ಚೀಟಿ ಇದೆ. ನಕಾಶೆ. ಅಳವಂಡಿ ರಸ್ತೆಯ ನಮ್ಮ ಹೊಲ. ಬಾವಿಯಿಂದ ಬೇವಿನ ಮರ, ಮರದಿಂದ ಬದುವಿನ ಮೂಲೆ. ಅಲ್ಲಲ್ಲಿ ಅಂಕಿ. ಚೀಟಿಯ ತಲೆಯ ಮೇಲೆ ಸಣ್ಣಕ್ಷರದಲ್ಲಿ ಒಂದು ಸಾಲು:

ಎರಡು ಸೇತುವೆ ನಡುವೆ: ಯೋಸೆಫ 120, ನಾನು 150, ಶಾಂತಾ 192. ಇದು ಶಾಂತಾನ ಹೆಜ್ಜೆಯಲ್ಲಿ.

ಕಸಬರಿಗೆ ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಬಾವಿಯ ಕಟ್ಟೆಯಿಂದ ಎಣಿಸುತ್ತ ನಡೆದೆ. ಅರವತ್ತನಾಲ್ಕಕ್ಕೆ ಬೇವಿನ ಬುಡಕ್ಕೆ ಕಾಲು ತಾಗಿತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅಲ್ಲಿಂದ ಮೂವತ್ತೊಂದು. ಬದುವಿನಲ್ಲಿ ಒಂದು ಕಲ್ಲು ಓರೆಯಾಗಿ ಕೂತಿತ್ತು. ಅದನ್ನು ನಾನು ಮುಟ್ಟಲಿಲ್ಲ. ನಾಲ್ಕು ಹೆಜ್ಜೆ ಈಚೆ ಒಣ ಎಲೆ ಸರಿಸಿದೆ.

ನನ್ನದೇ ಚಟ್ನಿಪುಡಿಯ ಡಬ್ಬಿ. ಒಳಗೆ ಒಂದು ಚಿಕ್ಕ ಪುಸ್ತಕ, ಒಂದು ಪೆನ್ಸಿಲು. ಮೊದಲ ಸಾಲಿನಲ್ಲಿ ಅವರ ಸಹಿ. ಎರಡನೆಯ ಸಾಲಿಗೆ ಗೆರೆ ಎಳೆದು ಖಾಲಿ ಬಿಟ್ಟಿದ್ದರು.

ಆಚೆ ಹೊಲದಿಂದ ಅವರ ಧ್ವನಿ ಕೇಳಿಸಿತು. ಯಾರೋ ಇಬ್ಬರು ಅಣ್ಣತಮ್ಮಂದಿರಿಗೆ, "ಮಷಿನ್ ಬರಲಿ ಬಿಡ್ರಿ. ಅಲ್ಲೀತನಾ ನಾ ನಡದು ತೋರಸ್ತೀನಿ" ಎನ್ನುತ್ತಿದ್ದರು. ಕರೆಯಲಿಲ್ಲ ನಾನು, ಎಣಿಸುತ್ತಿರಬಹುದು. ಪೆನ್ಸಿಲು ನಾಲಿಗೆಗೆ ತಾಗಿಸಿಕೊಂಡು ನನ್ನ ಹೆಸರು ಬರೆದು, ಡಬ್ಬಿಯನ್ನು ಇದ್ದಂತೆಯೇ ಮುಚ್ಚಿಟ್ಟೆ.